ಸ್ವಂತ ಬ್ಯಾಡ್ಮಿಂಟನ್ ರಾಕೆಟ್ ತಗೊಳ್ಳಬೇಕು: 3ಯು, 4ಯು, ಹೆಡ್ ಹೆವಿ, ಸ್ಟಿಫ್... ನನ್ನ ಆಟಕ್ಕೆ ಯಾವುದು?

ನೆಟ್_ಹತ್ರ

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಅವರಿವರ ರಾಕೆಟ್ ಇಸಿದುಕೊಂಡು ಆಡುತ್ತಿದ್ದೆ. ಇನ್ನು ಸ್ವಂತದ್ದೊಂದು ಇರಲಿ ಅನಿಸಿದೆ. ಆದರೆ ನೋಡುತ್ತಾ ಹೋದಷ್ಟೂ ಗೊಂದಲ ಜಾಸ್ತಿ. 3ಯು ಅಂತೆ, 4ಯು ಅಂತೆ, ಜಿ5 ಅಂತೆ, ಹೆಡ್ ಹೆವಿ ಅಂತೆ, ಎಕ್ಸ್‌ಟ್ರಾ ಸ್ಟಿಫ್ ಅಂತೆ. ಜೊತೆ ಆಡುವವರನ್ನು ಕೇಳಿದರೆ ಒಬ್ಬೊಬ್ಬರದು ಒಂದೊಂದು ಮಾತು.

ನನ್ನ ಆಟ ಹೀಗಿದೆ. ಆಡುವುದು ಹೆಚ್ಚಾಗಿ ಡಬಲ್ಸ್. ನೆಟ್ ಹತ್ತಿರ ಪರವಾಗಿಲ್ಲ. ಸರ್ವಿಸ್ ಸರಿಯಾಗಿ ಬೀಳುತ್ತದೆ, ಡ್ರಿಬಲ್ (ಕಾಕ್ ಮೆಲ್ಲಗೆ ನೆಟ್ ದಾಟಿಸುವುದು) ಬರುತ್ತದೆ, ಎತ್ತರಕ್ಕೆ ಬಂದ ಕಾಕ್ ಮುಂದೆಯೇ ತಟ್ಟಿ ಬೀಳಿಸುತ್ತೇನೆ. ಹಿಂದೆ ಹೋದರೆ ಕಷ್ಟ. ಟಾಸ್, ಅಂದರೆ ಎತ್ತರಕ್ಕೆ ಹೊಡೆದು ಹಿಂದಕ್ಕೆ ಕಳಿಸುವ ಹೊಡೆತ, ಎದುರಿನವರ ಹಿಂದಿನ ಗೆರೆ ಮುಟ್ಟುವುದೇ ಇಲ್ಲ. ಅರ್ಧ ಕೋರ್ಟಿಗೆ ಬೀಳುತ್ತದೆ, ಎದುರಿನವರು ಕಾದುಕೊಂಡು ಸ್ಮ್ಯಾಶ್ ಹೊಡೆಯುತ್ತಾರೆ. ಬ್ಯಾಕ್‌ಹ್ಯಾಂಡ್ ಬಗ್ಗೆ ಕೇಳಲೇಬೇಡಿ. ಮೂರನೇ ಗೇಮ್ ಹೊತ್ತಿಗೆ ತೋಳಿನಲ್ಲಿ ಜೀವ ಇರುವುದಿಲ್ಲ. ಈ ಆಟಕ್ಕೆ ಎಂಥ ರಾಕೆಟ್ ಸರಿ?

ಸ್ಮ್ಯಾಶ್_ರಾಜ

ಟಾಸ್ ಹಿಂದಕ್ಕೆ ಹೋಗುತ್ತಿಲ್ಲ ಅಂದರೆ ಪವರ್ ಸಾಲುತ್ತಿಲ್ಲ ಅಂತ ಅರ್ಥ. ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ ಗುರು. ಹೆಡ್ ಹೆವಿ (ತಲೆ ಭಾರದ್ದು), ಸ್ಟಿಫ್ ಶಾಫ್ಟ್ (ಹಿಡಿಗೂ ತಲೆಗೂ ನಡುವಿನ ಕೋಲು ಸುಲಭಕ್ಕೆ ಬಗ್ಗದ್ದು), 28 ಪೌಂಡ್ ಬಿಗಿಯ ಗಟ್ಟಿಂಗ್ (ತಲೆಗೆ ಹಾಕುವ ಎಳೆ). ಮುಗೀತು. ಯೋನೆಕ್ಸ್ ಆಸ್ಟ್ರಾಕ್ಸ್ 100ಝಡ್‌ಝಡ್ ಸಿಕ್ಕಿದರೆ ಇನ್ನೂ ಒಳ್ಳೆಯದು. ಡೆನ್ಮಾರ್ಕಿನ ಚಾಂಪಿಯನ್ ಅಕ್ಸೆಲ್‌ಸನ್ ಕೈಯಲ್ಲಿ ನೋಡಿದ್ದೀರಲ್ಲ, ಕಾಕ್ ಕಣ್ಣಿಗೇ ಕಾಣುವುದಿಲ್ಲ.

ಹಿಂದಿನ_ಗೆರೆ

ರಾಜಣ್ಣ, ಸ್ವಲ್ಪ ತಾಳಿ. 2023ರ ಏಪ್ರಿಲ್‌ನಲ್ಲಿ ಜಪಾನಿನಲ್ಲಿ ನಮ್ಮ ಡಬಲ್ಸ್ ಆಟಗಾರ ಸಾತ್ವಿಕ್‌ಸಾಯಿರಾಜ್ ರಂಕಿರೆಡ್ಡಿ ಗಂಟೆಗೆ 565 ಕಿ.ಮೀ. ವೇಗದ ಸ್ಮ್ಯಾಶ್ ಹೊಡೆದು ಗಿನ್ನೆಸ್ ದಾಖಲೆ ಮಾಡಿದರಲ್ಲ, ಆಗ ಅವರ ಕೈಯಲ್ಲಿದ್ದದ್ದು ಯೋನೆಕ್ಸ್ ನ್ಯಾನೋಫ್ಲೇರ್ 1000ಝಡ್. ಅದು ಹೆಡ್ ಲೈಟ್, ಅಂದರೆ ತಲೆ ಹಗುರದ ರಾಕೆಟ್. ತಲೆ ಭಾರ ಇದ್ದರೇ ಸ್ಮ್ಯಾಶ್ ಅನ್ನುವ ಮಾತು ಅಲ್ಲಿಗೆ ಬಿತ್ತು. ಹಾಗಂತ ಅದನ್ನೇ ತಗೊಳ್ಳಿ ಅಂತಲೂ ಹೇಳುವುದಿಲ್ಲ. ಅದರ ಶಾಫ್ಟ್ ಎಕ್ಸ್‌ಟ್ರಾ ಸ್ಟಿಫ್, ಸಾತ್ವಿಕ್ ತೋಳಿಗೆ ಸರಿ.

ನೆಟ್_ಹತ್ರ ಅವರೇ, ನೀವು ಕೇಳಿದ್ದರಲ್ಲಿ ಒಂದು ಮಾತು ಎಲ್ಲಕ್ಕಿಂತ ಮುಖ್ಯ. "ಮೂರನೇ ಗೇಮ್ ಹೊತ್ತಿಗೆ ತೋಳಿನಲ್ಲಿ ಜೀವ ಇರುವುದಿಲ್ಲ." ರಾಕೆಟ್ ಆರಿಸಬೇಕಾದದ್ದು ಆ ತೋಳಿಗೆ. ಮೊದಲ ಗೇಮ್‌ನಲ್ಲಿ ಯಾವ ರಾಕೆಟ್ ಹಿಡಿದರೂ ಚೆನ್ನಾಗಿಯೇ ಇರುತ್ತದೆ. ಸುಸ್ತಾದ ಮೇಲೆ, ಅರ್ಧ ಹೆಜ್ಜೆ ತಡವಾಗಿ ಹೋಗಿ ಹೊಡೆದ ಕಾಕ್ ಕೂಡ ನೆಟ್ ದಾಟಿ ಹೋಗಬೇಕಾದ ಕಡೆ ಹೋಗುತ್ತದಾ ನೋಡಿ. ನಿಮ್ಮ ಒಳ್ಳೆಯ ಹೊಡೆತಕ್ಕಲ್ಲ, ಕೆಟ್ಟ ಹೊಡೆತಕ್ಕೆ ಸಹಾಯ ಮಾಡುವ ರಾಕೆಟ್ ಬೇಕು.

ಇನ್ನು ಟಾಸ್ ವಿಷಯ. ಅದಕ್ಕೆ ಮೊದಲು ಮೂರು ಪ್ರಶ್ನೆ. ಕಾಕ್ ನಿಮ್ಮ ತಲೆಯ ಮುಂದೆ ಸಿಗುತ್ತಿದೆಯಾ, ಹಿಂದೆ ಸಿಗುತ್ತಿದೆಯಾ? ಹಿಡಿಯನ್ನು ಶುರುವಿನಿಂದ ಕೊನೆಯವರೆಗೂ ಬಿಗಿಯಾಗಿ ಹಿಡಿದಿರುತ್ತೀರಾ? ಮತ್ತೆ, ಆಡುವುದು ಯಾವ ಕಾಕ್‌ನಲ್ಲಿ?

ನೆಟ್_ಹತ್ರ

ಅಕ್ಕ, ಸತ್ಯ ಹೇಳಬೇಕೆಂದರೆ ತಲೆಯ ಮೇಲೆಯೇ, ಕೆಲವೊಮ್ಮೆ ಹಿಂದೆ. ಹಿಡಿ ಬಿಗಿ ಅಂತಲೇ ಅನಿಸುತ್ತದೆ, ಆಟ ಮುಗಿದಾಗ ಹೆಬ್ಬೆರಳಿನ ಬುಡ ನೋಯುತ್ತಿರುತ್ತದೆ. ಕಾಕ್ ನೈಲಾನ್, ಹಸಿರು ಪಟ್ಟಿಯದು.

ಹಿಂದಿನ_ಗೆರೆ

ಅಲ್ಲಿಗೆ ಅರ್ಧ ಉತ್ತರ ಸಿಕ್ಕಿತು. ನೈಲಾನ್ ಕಾಕ್‌ನಲ್ಲಿ ಹಸಿರು ಪಟ್ಟಿ ಅಂದರೆ ನಿಧಾನದ್ದು, ನೀಲಿ ಮಧ್ಯಮ, ಕೆಂಪು ವೇಗದ್ದು. ನಿಧಾನದ ಕಾಕ್ ಇಟ್ಟುಕೊಂಡು ಟಾಸ್ ಹಿಂದೆ ಹೋಗುತ್ತಿಲ್ಲ ಅಂತ ರಾಕೆಟ್ ಮೇಲೆ ತಪ್ಪು ಹೊರಿಸಬೇಡಿ. ಪರೀಕ್ಷೆ ಸುಲಭ. ಹಿಂದಿನ ಗೆರೆಯ ಮೇಲೆ ನಿಂತು ಕೆಳಗಿನಿಂದ ಪೂರ್ತಿ ಬಲ ಹಾಕಿ ಮೇಲಕ್ಕೆ, ಪಕ್ಕದ ಗೆರೆಗೆ ಸಮಾನಾಂತರವಾಗಿ ಹೊಡೆಯಬೇಕು. ಸರಿಯಾದ ವೇಗದ ಕಾಕ್ ಆಚೆ ಬದಿಯ ಹಿಂದಿನ ಗೆರೆಗೆ 530ರಿಂದ 990 ಮಿ.ಮೀ. ಈಚೆ ಬೀಳಬೇಕು ಅಂತ ಆಟದ ನಿಯಮದಲ್ಲೇ ಇದೆ. ಚೆನ್ನಾಗಿ ಹೊಡೆಯುವವರೊಬ್ಬರ ಕೈಯಲ್ಲಿ ಹೊಡೆಸಿ ನೋಡಿ. ಅವರದ್ದೂ ಅದಕ್ಕಿಂತ ಈಚೆಯೇ ಬಿದ್ದರೆ ಕಾಕ್ ಬದಲಿಸಿ.

ಹಿಡಿ ಸಡಿಲ ಇರಲಿ. ಕಾಕ್ ತಾಗುವ ಕ್ಷಣಕ್ಕೆ ಮಾತ್ರ ಬೆರಳು ಬಿಗಿಯಬೇಕು. ವೇಗ ಹುಟ್ಟುವುದೇ ಅಲ್ಲಿ. ಮೊದಲಿನಿಂದ ಬಿಗಿ ಹಿಡಿದ ಕೈಗೆ ಯಾವ ರಾಕೆಟ್ ಕೊಟ್ಟರೂ ಕಾಕ್ ಅರ್ಧ ಕೋರ್ಟಿಗೇ.

ಲೆಕ್ಕದ_ಜನ

ಸಂಖ್ಯೆಗಳ ಗೊಂದಲ ನಾನು ಬಿಡಿಸುತ್ತೇನೆ, ಅದೇ ನನ್ನ ಚಟ.

ಮೊದಲು ತೂಕ. ಯೋನೆಕ್ಸ್ ಲೆಕ್ಕದಲ್ಲಿ 3ಯು ಅಂದರೆ 85ರಿಂದ 89.9 ಗ್ರಾಂ, 4ಯು ಅಂದರೆ 80ರಿಂದ 84.9, 5ಯು ಅಂದರೆ 75ರಿಂದ 79.9. ಸಂಖ್ಯೆ ಏರಿದಷ್ಟೂ ತೂಕ ಇಳಿಯುತ್ತದೆ. ಇದು ಗಟ್ ಇಲ್ಲದ ಬರೀ ರಾಕೆಟ್ ತೂಕ. ಜಿ ಅನ್ನುವುದು ಹಿಡಿಯ ದಪ್ಪ. ಅಲ್ಲೂ ತಲೆಕೆಳಗು, ಜಿ4ಗಿಂತ ಜಿ5 ತೆಳು. ಕೆಲವು ಕಂಪನಿಗಳು ಬೇರೆ ಅಕ್ಷರ, ಬೇರೆ ಲೆಕ್ಕ ಇಟ್ಟುಕೊಂಡಿವೆ. ಆದ್ದರಿಂದ ಅಕ್ಷರ ಬಿಟ್ಟು ಗ್ರಾಂ ಎಷ್ಟು ಅಂತ ಓದಿ.

ಆಮೇಲೆ ಬ್ಯಾಲೆನ್ಸ್. ರಾಕೆಟ್ಟನ್ನು ಬೆರಳಿನ ಮೇಲೆ ಅಡ್ಡ ಇಟ್ಟು ಎಲ್ಲಿ ಅಲುಗದೆ ನಿಲ್ಲುತ್ತದೋ, ಹಿಡಿಯ ತುದಿಯಿಂದ ಅಲ್ಲಿಗೆ ಅಳೆಯಿರಿ. ಸುಮಾರು 285 ಮಿ.ಮೀ.ಗಿಂತ ಕಡಿಮೆ ಇದ್ದರೆ ಹೆಡ್ ಲೈಟ್ ಅನ್ನುತ್ತಾರೆ, 295 ದಾಟಿದರೆ ಹೆಡ್ ಹೆವಿ, ನಡುವಿನದು ಈವನ್. ಇದು ವಾಡಿಕೆಯ ಮಾತು, ನಿಯಮವಲ್ಲ. ನಿಯಮ ಇರುವುದು ಅಳತೆಗೆ ಮಾತ್ರ. ಉದ್ದ 680 ಮಿ.ಮೀ. ಮೀರಬಾರದು, ಅಗಲ 230 ಮೀರಬಾರದು. ತೂಕಕ್ಕೆ ಮಿತಿಯೇ ಇಲ್ಲ.

ಈಗ ಮಜಾ ಇರುವ ಲೆಕ್ಕ. 85 ಗ್ರಾಂ ರಾಕೆಟ್, ಬ್ಯಾಲೆನ್ಸ್ 295 ಅಂತಿಟ್ಟುಕೊಳ್ಳಿ. ಅದಕ್ಕೆ 4 ಗ್ರಾಂ ಆಸುಪಾಸಿನ ಗಟ್ ಹಾಕಿದರೆ ಆ ತೂಕ ಪೂರ್ತಿ ತಲೆಯಲ್ಲಿ ಕೂರುತ್ತದೆ, ಬ್ಯಾಲೆನ್ಸ್ 307ರ ಹತ್ತಿರ ಹೋಗುತ್ತದೆ. ಗಟ್ ಇಲ್ಲದೆ, ಹಿಡಿಗೆ ಬರೀ 5 ಗ್ರಾಂ ಓವರ್‌ಗ್ರಿಪ್ ಸುತ್ತಿದರೆ 284ಕ್ಕೆ ಇಳಿಯುತ್ತದೆ. ಎರಡೂ ಹಾಕಿದರೆ? 296. ಹೆಚ್ಚುಕಡಿಮೆ ಮೊದಲಿದ್ದಲ್ಲಿಗೇ! ಹಾಗಾಗಿ ಕಾಗದದ ಮೇಲಿನ 295ಕ್ಕೂ 292ಕ್ಕೂ ಜಗಳ ಆಡುವುದು ದಂಡ. ಇನ್ನೊಂದು ಗ್ರಿಪ್ ಸುತ್ತಿದರೆ ಹೆಡ್ ಹೆವಿ ರಾಕೆಟ್ ಈವನ್ ಆಗಿಬಿಡುತ್ತದೆ, ಮೂಲ ಗ್ರಿಪ್ ಕಿತ್ತು ತೆಳುವಾದದ್ದು ಹಾಕಿದರೆ ಈವನ್ ಇದ್ದದ್ದು ಮುಂದೆ ವಾಲುತ್ತದೆ.

ಸ್ಮ್ಯಾಶ್_ರಾಜ

ಲೆಕ್ಕ ಎಲ್ಲ ಸರಿ ಸಾರ್. ಕೋರ್ಟಿನಲ್ಲಿ ಸ್ಕೇಲ್ ಹಿಡಿದುಕೊಂಡು ಆಡುತ್ತೀರಾ?

ಲೆಕ್ಕದ_ಜನ

ಇಲ್ಲಪ್ಪ, ಬೆರಳಿನ ಮೇಲೆ ಇಟ್ಟು ನೋಡುತ್ತೇನೆ. ನಿಮ್ಮ ರಾಕೆಟ್ ಸೋತ ಮೇಲೂ ಇಟ್ಟು ನೋಡಬಹುದು.

ಗಟ್ಟಿಂಗ್_ಮೇಷ್ಟ್ರು

ಜಗಳ ಬೇಡ. ನನ್ನ ಕೈಗೆ ದಿನಾ ರಾಕೆಟ್ ಬರುತ್ತವೆ. ಆಡುವವರ ಮುಖ ನೋಡದೆಯೂ ಅವರ ಆಟ ಹೇಳಬಹುದು. ಗಟ್ ಸವೆದ ಗುರುತು ನೋಡಿ. ಉದ್ದದ ಎಳೆ, ಅಡ್ಡದ ಎಳೆ ಒಂದರ ಮೇಲೊಂದು ಕೂರುವಲ್ಲಿ ಸಣ್ಣ ಕಚ್ಚು ಬಿದ್ದಿರುತ್ತದೆ. ಆ ಕಚ್ಚುಗಳು ನಡುವಿನಿಂದ ಸ್ವಲ್ಪ ಮೇಲೆ ಒಂದೇ ಕಡೆ ಗುಂಪಾಗಿದ್ದರೆ ಕೈ ಕುದುರಿದೆ ಅಂತ. ಇಡೀ ತಲೆಯ ತುಂಬ ಚೆಲ್ಲಿದ್ದರೆ ಇನ್ನೂ ಕುದುರಬೇಕು. ಕಚ್ಚೇ ಬೀಳದೆ ಫ್ರೇಮಿನ ಅಂಚಿನಲ್ಲಿ ಪಟ್ ಅಂತ ಕಡಿದಿದ್ದರೆ ಕಾಕ್ ಅಂಚಿಗೆ ತಾಗಿದೆ, ಗಟ್ ಕೂಡ ಬಹಳ ಬಿಗಿ ಇತ್ತು. ಈ ಕೊನೆಯ ಜಾತಿ ರಾಕೆಟ್ಟೇ ಜಾಸ್ತಿ ಬರುವುದು. ಅದರ ಮಾಲೀಕರು ಬಂದು ಕೇಳುವುದು ಮತ್ತೆ "28 ಹಾಕಿ" ಅಂತ.

ಪೌಂಡ್ ಏರಿಸಿದರೆ ಪವರ್ ಏರುತ್ತದೆ ಅನ್ನುವುದು ತಲೆಕೆಳಗಾದ ನಂಬಿಕೆ. ಸಡಿಲ ಗಟ್ ಕಾಕ್ ತಾಗಿದಾಗ ಒಳಕ್ಕೆ ಹೋಗಿ ಎತ್ತಿ ಎಸೆಯುತ್ತದೆ, ನಿಧಾನ ಬೀಸಿದರೂ ಕಾಕ್ ದೂರ ಹೋಗುತ್ತದೆ. ಸರಿಯಾಗಿ ತಾಗುವ ಜಾಗವೂ ದೊಡ್ಡದು. ಬಿಗಿ ಗಟ್ ಒಳಕ್ಕೆ ಹೋಗುವುದಿಲ್ಲ. ಎಲ್ಲಿ ಹೊಡೆದೆವೋ ಅಲ್ಲಿಗೆ ಸರಿಯಾಗಿ ಹೋಗುತ್ತದೆ, ಸದ್ದು ಚೆನ್ನಾಗಿ ಬರುತ್ತದೆ, ಆದರೆ ವೇಗ ಎಲ್ಲ ನಿಮ್ಮ ತೋಳಿನಿಂದಲೇ ಬರಬೇಕು. ದೊಡ್ಡ ಆಟಗಾರರು 28, 30, ಅದಕ್ಕಿಂತಲೂ ಮೇಲೆ ಹಾಕಿಸುತ್ತಾರೆ. ಅವರ ಕಾಕ್ ಪ್ರತಿ ಸಲವೂ ನಡುವಿಗೇ ತಾಗುತ್ತದೆ, ಅಲ್ವಾ?

ನೆಟ್_ಹತ್ರ ಅವರೇ, ನಿಮಗೆ 22ರಿಂದ 24 ಸಾಕು. ಗಟ್ 0.70 ಮಿ.ಮೀ. ದಪ್ಪದ್ದು ಇರಲಿ, ಬಿಜಿ65 ಥರದ್ದು. ತಾಳಿಕೆ ಬರುತ್ತದೆ. 0.65, 0.63ರ ತೆಳು ಗಟ್‌ನಲ್ಲಿ ಕಾಕ್ ಚಿಮ್ಮುವುದು ಚೆಂದ, ಸದ್ದೂ ಚೆಂದ, ಆದರೆ ಅಂಚಿಗೆ ತಾಗಿದರೆ ಬೇಗ ಹೋಗುತ್ತದೆ.

ನೆಟ್_ಹತ್ರ

ಅಯ್ಯೋ, ಗಟ್ ಬಗ್ಗೆ ನಾನು ಯೋಚನೆಯೇ ಮಾಡಿರಲಿಲ್ಲ. ರಾಕೆಟ್ ಜೊತೆ ಕಂಪನಿಯವರೇ ಹಾಕಿ ಕೊಡುತ್ತಾರಲ್ಲ, ಅದು ಸಾಲದಾ?

ಗಟ್ಟಿಂಗ್_ಮೇಷ್ಟ್ರು

ಮೊದಲ ಕೆಲವು ವಾರ ಸಾಕು. ಆದರೆ ಹಾಕಿ ಎಷ್ಟು ದಿನ ಆಯಿತೋ ನಮಗೆ ಗೊತ್ತಿರುವುದಿಲ್ಲ. ಗಟ್ ಆಡದೆ ಇಟ್ಟರೂ ಸಡಿಲ ಆಗುತ್ತದೆ. ಹಾಕಿದ ಹೊಸತರಲ್ಲೇ ಎಲ್ಲಕ್ಕಿಂತ ಜಾಸ್ತಿ ಇಳಿಯುತ್ತದೆ. ಒಳ್ಳೆಯ ರಾಕೆಟ್‌ಗಳು ಹೆಚ್ಚಾಗಿ ಗಟ್ ಇಲ್ಲದೆಯೇ ಬರುವುದು ಇದಕ್ಕೇ. ಎಷ್ಟು ಹಾಕಬಹುದು ಅಂತ ರಾಕೆಟ್ ಮೇಲೆ, ಹಿಡಿಯ ಮೇಲಿನ ಕೋನ್ ಹತ್ತಿರವೋ ಶಾಫ್ಟ್ ಮೇಲೆಯೋ ಬರೆದಿರುತ್ತದೆ. ಅದನ್ನು ಮೀರಿ ಹಾಕಿಸಿದರೆ ಫ್ರೇಮ್ ಕುಸಿದರೂ ಕಂಪನಿ ಜವಾಬ್ದಾರಿ ಇಲ್ಲ.

ಸಿಂಗಲ್ಸ್_ಮಾತ್ರ

ಮೇಷ್ಟ್ರು ಹೇಳಿದ್ದು ಒಪ್ಪಿದೆ. ಶಾಫ್ಟ್ ಬಗ್ಗೆ ಯಾರೂ ಸರಿಯಾಗಿ ಹೇಳಿಲ್ಲ, ಅದು ನನ್ನ ಪಾಲಿಗೆ ತೂಕಕ್ಕಿಂತ ದೊಡ್ಡ ವಿಷಯ.

ಬೀಸಲು ಶುರು ಮಾಡಿದಾಗ ತಲೆ ಹಿಂದುಳಿಯುತ್ತದೆ, ಶಾಫ್ಟ್ ಬಗ್ಗುತ್ತದೆ. ಅದು ಮತ್ತೆ ನೆಟ್ಟಗಾಗುವ ಹೊತ್ತಿಗೆ ಸರಿಯಾಗಿ ಕಾಕ್ ಸಿಗಬೇಕು. ನಿಧಾನ ಬೀಸುವವರ ಕೈಯಲ್ಲಿ ಸ್ಟಿಫ್ ಶಾಫ್ಟ್ ಬಗ್ಗುವುದೇ ಇಲ್ಲ. ಹಲಗೆಯಲ್ಲಿ ಹೊಡೆದ ಹಾಗೆ ಕೈಗೆ ಬಡಿಯುತ್ತದೆ. ವೇಗವಾಗಿ ಬೀಸುವವರ ಕೈಯಲ್ಲಿ ಫ್ಲೆಕ್ಸಿಬಲ್ ಶಾಫ್ಟ್ ಇನ್ನೂ ಹಿಂದೆ ಇರುವಾಗಲೇ ಕಾಕ್ ತಾಗಿಬಿಡುತ್ತದೆ, ಎಲ್ಲಿಗೋ ಹೊಡೆದದ್ದು ಎಲ್ಲಿಗೋ ಹೋಗುತ್ತದೆ. ಹಾಗಾಗಿ ಫ್ಲೆಕ್ಸಿಬಲ್ ಅಂದರೆ ಕಲಿಯುವವರದ್ದು, ಸ್ಟಿಫ್ ಅಂದರೆ ದೊಡ್ಡವರದ್ದು ಅನ್ನುವ ದರ್ಜೆ ಏನೂ ಇಲ್ಲ. ನಿಮ್ಮ ಬೀಸು ಎಷ್ಟು ಚುರುಕು ಅನ್ನುವುದಷ್ಟೇ. ನಾನು ಸಿಂಗಲ್ಸ್ ಆಡುತ್ತೇನೆ. ಹಿಂದಿನಿಂದ ಹಿಂದಕ್ಕೆ ಟಾಸ್ ಹೊಡೆಯುತ್ತಲೇ ಇರಬೇಕು, ಕೋರ್ಟ್ 13.40 ಮೀಟರ್ ಉದ್ದ. ಮೀಡಿಯಂ ಶಾಫ್ಟ್ ಬಿಟ್ಟು ನಾನು ಎಲ್ಲಿಗೂ ಹೋಗಿಲ್ಲ.

ಅಂಗಡಿಯಲ್ಲಿ ಶಾಫ್ಟ್ ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿ ನೋಡುವವರಿದ್ದಾರೆ. ಅದರಿಂದ ಏನೂ ತಿಳಿಯುವುದಿಲ್ಲ.

ನೆಟ್_ಹತ್ರ ಅವರಿಗೆ ನನ್ನ ಸಲಹೆ ಸ್ವಲ್ಪ ಬೇರೆ. ಟಾಸ್ ಕಷ್ಟ ಅಂದರೆ ತಲೆಯಲ್ಲಿ ಒಂಚೂರು ಭಾರ ಇರಲಿ. ಸುತ್ತಿಗೆಯನ್ನು ಹಿಡಿಯ ತುದಿಯಲ್ಲಿ ಹಿಡಿದಾಗ ತೋಳು ಬೀಸಿದ್ದಕ್ಕಿಂತ ಜಾಸ್ತಿ ಪೆಟ್ಟು ಬೀಳುತ್ತದಲ್ಲ, ಹಾಗೆ. ಹೆಡ್ ಲೈಟ್ ಕೊಟ್ಟರೆ ಪಾಪ ಹಿಂದಿನಿಂದ ಹೊಡೆದೂ ಹೊಡೆದೂ ಸುಸ್ತಾಗುತ್ತಾರೆ.

ಹಿಂದಿನ_ಗೆರೆ

ಅಲ್ಲೇ ನನ್ನ ತಕರಾರು. ಇವರು ಆಡುವುದು ಡಬಲ್ಸ್. ಡಬಲ್ಸ್‌ನಲ್ಲಿ ಪಾಯಿಂಟ್ ಹೋಗುವುದು ಟಾಸ್ ಗಿಡ್ಡ ಬಿದ್ದಾಗ ಮಾತ್ರವಲ್ಲ, ಎದೆಗೆ ಬಂದ ಡ್ರೈವ್ (ನೆಟ್ ಮೇಲೆ ನೇರವಾಗಿ ಹೊಡೆಯುವ ಜೋರು ಹೊಡೆತ) ತಡೆಯಲಾಗದೆ ಹೋದಾಗಲೂ. ಒಂದು ಹೊಡೆತ ಆದ ಮೇಲೆ ರಾಕೆಟ್ ಮತ್ತೆ ಮೇಲೆ ಬರಬೇಕು. ತಲೆ ಭಾರ ಇದ್ದರೆ ಅದು ತಡ ಆಗುತ್ತದೆ. ಸುತ್ತಿಗೆ ಕೆಳಗೆ ಬೀಸುವುದು ಸುಲಭ, ತಕ್ಷಣ ಮೇಲೆತ್ತಿ ಇನ್ನೊಂದು ಕಡೆ ತಿರುಗಿಸಿ ನೋಡಿ ಮತ್ತೆ!

ಇವರ ಆಟದ ಬಲ ಇರುವುದು ಮುಂದೆ. ಬಲ ಇರುವ ಕಡೆ ಕಡಿಮೆ ಮಾಡಿ ಇಲ್ಲದ ಕಡೆ ತುಂಬುವುದು ಯಾಕೆ? ಟಾಸ್ ಕಲಿತರೆ ಬರುತ್ತದೆ. 4ಯು, ಈವನ್ ಬ್ಯಾಲೆನ್ಸ್, ಮೀಡಿಯಂ ಶಾಫ್ಟ್. ಯೋನೆಕ್ಸ್‌ನಲ್ಲಿ ಆರ್ಕ್‌ಸೇಬರ್ ಮನೆತನ ಈ ಥರದ್ದು. ಆಸ್ಟ್ರಾಕ್ಸ್ ಪವರ್ ಕಡೆ, ನ್ಯಾನೋಫ್ಲೇರ್ ವೇಗದ ಕಡೆ. ವಿಕ್ಟರ್‌ನಲ್ಲಿ ಥ್ರಸ್ಟರ್ ಪವರ್, ಔರಾಸ್ಪೀಡ್ ವೇಗ, ಡ್ರೈವ್‌ಎಕ್ಸ್ ನಡುವಿನದು. ಲೀ-ನಿಂಗ್‌ನಲ್ಲಿ ಆಕ್ಸ್‌ಫೋರ್ಸ್, ಬ್ಲೇಡ್‌ಎಕ್ಸ್, ಹಾಲ್ಬರ್ಟೆಕ್ ಅದೇ ಕ್ರಮದಲ್ಲಿ. ಪ್ರತಿ ಮನೆತನದಲ್ಲೂ ಕಲಿಯುವವರಿಗೆ ಒಂದು, ದೊಡ್ಡವರಿಗೆ ಒಂದು ಇರುತ್ತದೆ. ಹೆಸರು ಒಂದೇ ಇದ್ದು ಶಾಫ್ಟ್ ಬೇರೆ ಇರುತ್ತದೆ, ಅದನ್ನು ನೋಡಿ ತಗೊಳ್ಳಿ.

ಸಿಂಗಲ್ಸ್_ಮಾತ್ರ

ಡಬಲ್ಸ್ ಅಂತ ಮರೆತೇ ಬರೆದೆ ಅನ್ನಬೇಡಿ. ನನ್ನ ಮಾತು ಅಷ್ಟೇ, ಹಿಂದೆ ಸಿಕ್ಕಿಬಿದ್ದಾಗ ಟಾಸ್ ಹೊಡೆಯಲೇಬೇಕಾಗುತ್ತದೆ. ಈವನ್‌ಗೆ ನನ್ನ ಅಡ್ಡಿ ಇಲ್ಲ. 5ಯು ಕಡೆ ಮಾತ್ರ ಹೋಗಬೇಡಿ, ಎದುರಿನವರ ಜೋರು ಸ್ಮ್ಯಾಶ್ ತಡೆದಾಗ ಕೈಯಲ್ಲಿ ರಾಕೆಟ್ಟೇ ಅಲುಗುತ್ತದೆ.

ಎಡಗೈ_ಆಟ

5ಯು ಬಗ್ಗೆ ಹಾಗೆಲ್ಲ ಹೇಳಬೇಡಿ ಸ್ವಾಮಿ. ನನಗೆ ಮೊಣಕೈ ಹೊರಗಡೆ ನೋವು ಬಂದು ಆಟವೇ ನಿಂತಿತ್ತು. ಟೆನ್ನಿಸ್ ಎಲ್ಬೋ ಅಂದರು. ಮತ್ತೆ ಕೋರ್ಟಿಗೆ ಬಂದದ್ದು 5ಯು, ಸ್ವಲ್ಪ ಬಗ್ಗುವ ಶಾಫ್ಟ್, 20 ಪೌಂಡ್ ಗಟ್ಟಿನಿಂದ. ಸ್ಮ್ಯಾಶ್ ಅಷ್ಟು ಜೋರಿಲ್ಲ ನಿಜ. ಆದರೆ ಆಡುತ್ತಿದ್ದೇನೆ.

ನೋವು ಇರುವವರು ತೂಕ ಒಂದೇ ನೋಡಬೇಡಿ. ಸ್ಟಿಫ್ ಶಾಫ್ಟ್, ಬಿಗಿ ಗಟ್, ಎರಡೂ ಸೇರಿದರೆ ಪ್ರತಿ ಪೆಟ್ಟು ನೇರ ಕೈಗೆ ಬರುತ್ತದೆ. ಹಿಡಿಯ ದಪ್ಪ ಕೂಡ ನೋಡಿ. ತೀರಾ ತೆಳು ಇದ್ದರೆ ಜಾರದಿರಲಿ ಅಂತ ನಮಗೇ ಗೊತ್ತಾಗದೆ ಹಿಸುಕಿ ಹಿಡಿಯುತ್ತೇವೆ. ತೀರಾ ದಪ್ಪ ಇದ್ದರೆ ಬೆರಳಿನಲ್ಲಿ ತಿರುಗಿಸಲು ಆಗುವುದಿಲ್ಲ, ಬ್ಯಾಕ್‌ಹ್ಯಾಂಡ್‌ಗೆ ಹೆಬ್ಬೆರಳು ತರುವುದು ತಡ. ಸಡಿಲ ಹಿಡಿದಾಗ ಅಂಗೈಗೂ ಹಿಡಿಗೂ ನಡುವೆ ಸ್ವಲ್ಪ ಜಾಗ ಉಳಿಯಬೇಕು. ನೆಟ್_ಹತ್ರ ಅವರಿಗೆ ಹೆಬ್ಬೆರಳ ಬುಡ ನೋಯುತ್ತದೆ ಅಂದರಲ್ಲ, ಅದು ರಾಕೆಟ್‌ಗಿಂತ ಹಿಡಿಯ ತಾಪತ್ರಯ ಅಂತ ನನಗೆ ಅನಿಸುತ್ತದೆ. ಬೆವರು ಜಾಸ್ತಿ ಬರುವವರಾದರೆ ಟವೆಲ್ ಗ್ರಿಪ್ ಹಾಕಿ ನೋಡಿ, ಹಿಸುಕುವುದು ತಾನೇ ಕಡಿಮೆ ಆಗುತ್ತದೆ. ವಾರಗಟ್ಟಲೆ ನೋವು ಹೋಗದಿದ್ದರೆ ಮಾತ್ರ ಇಲ್ಲಿ ಕೇಳುತ್ತಾ ಕೂರದೆ ಫಿಸಿಯೋ ಹತ್ತಿರ ಹೋಗಿ.

ಮಗಳ_ಸಾರಥಿ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಮಗಳಿಗೆ ಒಂಬತ್ತು ವರ್ಷ. ಕೋಚಿಂಗ್‌ಗೆ ಸೇರಿಸಿದ್ದೇವೆ. ಮನೆಯಲ್ಲಿ ಹಳೆಯ ಸ್ಟೀಲ್ ರಾಕೆಟ್ ಇದೆ, ಬಲ ಬರಲಿ ಅಂತ ಅದರಲ್ಲೇ ಆಡಿಸಿ ಅನ್ನುತ್ತಾರೆ ನಮ್ಮ ಮಾವ.

ಹಿಂದಿನ_ಗೆರೆ

ಮಾವನವರಿಗೆ ನಮಸ್ಕಾರ ಹೇಳಿ, ಆ ರಾಕೆಟ್ ಅಟ್ಟಕ್ಕೆ ಏರಿಸಿ. ಭಾರದ ರಾಕೆಟ್‌ನಲ್ಲಿ ಮಗುವಿಗೆ ಬಲ ಬರುವುದಿಲ್ಲ, ಕೆಟ್ಟ ಅಭ್ಯಾಸ ಬರುತ್ತದೆ. ಮಣಿಕಟ್ಟು ಎತ್ತಲಾಗದೆ ಇಡೀ ತೋಳಿನಿಂದ ತಳ್ಳಲು ಕಲಿಯುತ್ತಾಳೆ, ಆಮೇಲೆ ಅದನ್ನು ಬಿಡಿಸುವುದೇ ಒಂದು ಕೆಲಸ. ಹಗುರ ಗ್ರಾಫೈಟ್, ಬಗ್ಗುವ ಶಾಫ್ಟ್, ತೆಳು ಹಿಡಿ. ತೀರಾ ಪುಟ್ಟ ಕೈಯಾದರೆ ಉದ್ದ ಕಡಿಮೆ ಇರುವ ಜೂನಿಯರ್ ರಾಕೆಟ್ ಬರುತ್ತದೆ. ಗಟ್ 18ರಿಂದ 20 ಸಾಕು.

ಮಗಳ_ಸಾರಥಿ

ತುಂಬಾ ಥ್ಯಾಂಕ್ಸ್ ಅಕ್ಕ. ಅಟ್ಟದ ವಿಷಯ ಮಾವನಿಗೆ ನೀವೇ ಹೇಳಿದ್ದು ಅಂತ ಹೇಳುತ್ತೇನೆ.

ನೆಟ್_ಹತ್ರ

ಮತ್ತೆ ಬಂದೆ. ನಿಮ್ಮ ಮಾತು ಕೇಳಿ ಮೂರು ಜನರ ರಾಕೆಟ್ ಇಸಿದುಕೊಂಡು ಒಂದೇ ಸಂಜೆ ಆಡಿದೆ. ಒಂದು 3ಯು ಹೆಡ್ ಹೆವಿ, ಸ್ಟಿಫ್. ಒಂದು 4ಯು ಈವನ್, ಮೀಡಿಯಂ. ಇನ್ನೊಂದು 5ಯು ಹೆಡ್ ಲೈಟ್.

3ಯುನಲ್ಲಿ ಕಾಕ್ ಸರಿಯಾಗಿ ತಾಗಿದಾಗ ಆಹಾ, ಸದ್ದೇ ಬೇರೆ. ಆದರೆ ಸರಿಯಾಗಿ ತಾಗುವುದು ಅಪರೂಪ. ಡ್ರೈವ್ ಆಟ ಶುರುವಾದರೆ ಎರಡನೆಯ ಕಾಕ್‌ಗೇ ನಾನು ತಡ. 5ಯು ಕೈಯಲ್ಲಿ ಇದೆಯೋ ಇಲ್ಲವೋ ಅನ್ನುವಷ್ಟು ಹಗುರ. ನೆಟ್ ಹತ್ತಿರ ಖುಷಿಯಾಯಿತು, ಹಿಂದಿನಿಂದ ಮಾತ್ರ ಏನು ಹೊಡೆದರೂ ಮುಂದೆ ಹೋಗದು. 4ಯುನಲ್ಲಿ ಟಾಸ್ ಗೆರೆ ಮುಟ್ಟದಿದ್ದರೂ ಹತ್ತಿರ ಬಿತ್ತು. ತಡವಾಗಿ ಹೊಡೆದದ್ದೂ ಹೋಯಿತು. ಹಾಗಾದರೆ 4ಯು ಅಂತ ತೀರ್ಮಾನ ಮಾಡಲಾ?

ಗಟ್ಟಿಂಗ್_ಮೇಷ್ಟ್ರು

ತಾಳಿ ತಾಳಿ. ಮೂರಕ್ಕೂ ಗಟ್ ಎಷ್ಟೆಷ್ಟು ಪೌಂಡ್ ಇತ್ತು?

ನೆಟ್_ಹತ್ರ

ಈಗ ಕೇಳಿದೆ ಮೇಷ್ಟ್ರೇ. 3ಯು 27 ಅಂತೆ. 4ಯು 22, ಅದೂ ಹಾಕಿಸಿ ಬಹಳ ದಿನ ಆಯಿತಂತೆ. 5ಯು 26.

ಗಟ್ಟಿಂಗ್_ಮೇಷ್ಟ್ರು

ನೋಡಿ, ಅದಕ್ಕೇ ಕೇಳಿದ್ದು. ನೀವು ಹೋಲಿಸಿದ್ದು ಅರ್ಧ ರಾಕೆಟ್, ಅರ್ಧ ಗಟ್. 5ಯುಗೆ 22 ಹಾಕಿಸಿದ್ದರೆ ಹಿಂದಿನಿಂದಲೂ ಒಂದಿಷ್ಟು ಹೋಗುತ್ತಿತ್ತು. 4ಯುಗೆ 27 ಇದ್ದಿದ್ದರೆ ನಿಮ್ಮ ಟಾಸ್ ಮತ್ತೆ ಅರ್ಧ ಕೋರ್ಟಿಗೇ.

ಗಟ್ ಹೇಗಿದ್ದರೂ ಬದಲಾಗದ ವಿಷಯ ಒಂದಿದೆ. ರಾಕೆಟ್ ಮೇಲೆ ಬರಲು ತಡ ಆಗುವುದು ಗಟ್ಟಿನಿಂದಲ್ಲ, ತೂಕ ಮತ್ತೆ ಬ್ಯಾಲೆನ್ಸಿನಿಂದ. ಡ್ರೈವ್‌ನಲ್ಲಿ 3ಯು ತಡ ಆಯಿತು ಅಂದಿರಲ್ಲ, ಅದನ್ನು ನಂಬಿ. ಟಾಸ್ ದೂರ ಹೋಯಿತು ಅನ್ನುವುದನ್ನು ಪೂರ್ತಿ ನಂಬಬೇಡಿ. ಆದರೆ ತೀರ್ಮಾನ ಬದಲಿಸಬೇಕಾಗಿಲ್ಲ. 4ಯು ಸರಿಯೇ ಇದೆ. ಜೊತೆಗೆ ಆ 22 ಪೌಂಡನ್ನೂ ಬರೆದಿಟ್ಟುಕೊಳ್ಳಿ, ನಿಮಗೆ ಹಿಡಿಸಿದ್ದು ಅದೂ ಹೌದು.

ಲೆಕ್ಕದ_ಜನ

ಮೇಷ್ಟ್ರಿಗೆ ಜೈ. ಒಂದು ಸೇರಿಸುತ್ತೇನೆ. ಆ 4ಯು ಹಿಡಿಯ ಮೇಲೆ ಎಷ್ಟು ಗ್ರಿಪ್ ಸುತ್ತಿದ್ದರು ಅಂತಲೂ ನೋಡಿ. ಎರಡು ಸುತ್ತಿದ್ದರೆ ನೀವು ಹೊಸ ರಾಕೆಟ್‌ಗೆ ಒಂದೇ ಸುತ್ತಿದಾಗ ತಲೆ ಭಾರ ಅನಿಸುತ್ತದೆ. ಆಮೇಲೆ ರಾಕೆಟ್ಟೇ ಬೇರೆ ಕೊಟ್ಟರು ಅಂತ ಅನುಮಾನ ಬರುತ್ತದೆ.

ಸಿಂಗಲ್ಸ್_ಮಾತ್ರ

ಅನುಮಾನ ಅಂದ ಮೇಲೆ ನೆನಪಾಯಿತು. ನಕಲಿ ರಾಕೆಟ್ ಬಹಳ ಇವೆ. ಬಣ್ಣ, ಸ್ಟಿಕ್ಕರ್ ಎಲ್ಲ ಹಾಗೇ ಇರುತ್ತದೆ. ಶಾಫ್ಟ್ ಮತ್ತು ಕೋನ್ ಮೇಲಿನ ಅಂಕಿ ಹೊಂದುತ್ತವಾ, ಅಕ್ಷರ ನೀಟಾಗಿವೆಯಾ, ಗ್ರಾಮೆಟ್ (ಫ್ರೇಮಿನ ತೂತಿನಲ್ಲಿ ಗಟ್ ಹಾಯುವ ಪ್ಲಾಸ್ಟಿಕ್ ಕೊಳವೆ) ಸರಿಯಾಗಿ ಕೂತಿವೆಯಾ ನೋಡಿ. ಆಗುವುದಾದರೆ ತಕ್ಕಡಿಯಲ್ಲಿ ಇಡಿ. 4ಯು ಅಂತ ಬರೆದು ಗಟ್, ಓವರ್‌ಗ್ರಿಪ್ ಇಲ್ಲದೆ 90 ಗ್ರಾಂ ತೂಗಿದರೆ ವಾಪಸ್ ಕೊಡಿ. ಕಂಪನಿ ಒಪ್ಪಿದ ಮಾರಾಟಗಾರರ ಹತ್ತಿರ ತಗೊಂಡರೆ ಈ ತಲೆನೋವೇ ಇಲ್ಲ.

ಎಡಗೈ_ಆಟ

ತೀರಾ ಮೇಲಿನ ಮಾಡೆಲ್‌ಗೆ ಹೋಗಬೇಡಿ ಅಂತ ನಾನೂ ಹೇಳುತ್ತೇನೆ. ಡಬಲ್ಸ್‌ನಲ್ಲಿ ನಡುವೆ ಬಂದ ಕಾಕ್‌ಗೆ ಇಬ್ಬರೂ ಬೀಸುತ್ತಾರೆ, ರಾಕೆಟ್‌ಗೆ ರಾಕೆಟ್ ಬಡಿಯುತ್ತದೆ. ಗ್ರಾಫೈಟ್ ಫ್ರೇಮ್ ನೆಗ್ಗುವುದಿಲ್ಲ, ಸೀಳುತ್ತದೆ. ಸದ್ದು ಕೇಳಿದರೆ ಕರುಳು ಹಿಂಡುತ್ತದೆ. ಜೊತೆಗಾರರ ಜೊತೆ "ನಂದು, ನಿಂದು" ಅಂತ ಕೂಗಿ ಆಡುವುದು ಅಭ್ಯಾಸ ಆಗುವವರೆಗೆ ಮಧ್ಯಮ ದರ್ಜೆಯದೇ ಇರಲಿ.

ನೆಟ್_ಹತ್ರ

ಸರಿ, ಬರೆದಿಟ್ಟುಕೊಂಡೆ. 4ಯು, ಜಿ5, ಈವನ್, ಮೀಡಿಯಂ ಶಾಫ್ಟ್, 0.70ರ ಗಟ್, 22 ಪೌಂಡ್, ಒಂದು ಓವರ್‌ಗ್ರಿಪ್. ಕಾಕ್ ನೀಲಿ ಪಟ್ಟಿಯದಕ್ಕೆ ಬದಲಾಯಿಸಲು ಜೊತೆಯವರನ್ನೂ ಒಪ್ಪಿಸಿದೆ. ಟಾಸ್ ಹೊಡೆಯುವಾಗ ಕಾಕ್‌ನ ಹಿಂದೆ ಮೊದಲೇ ಹೋಗಿ ನಿಲ್ಲುವುದನ್ನು ಅಭ್ಯಾಸ ಮಾಡುತ್ತಿದ್ದೇನೆ ಅಕ್ಕ.

ಇನ್ನೊಂದೇ ಪ್ರಶ್ನೆ. ಆಟದ ನಡುವೆ ಗಟ್ ಒಂದು ಎಳೆ ಕಡಿದರೆ ಹಾಗೇ ಆಡಿ ಮುಗಿಸಬಹುದಾ?

ಗಟ್ಟಿಂಗ್_ಮೇಷ್ಟ್ರು

ಬೇಡ. ಒಂದು ಎಳೆ ಹೋದರೆ ಒಂದು ಕಡೆ ಸಡಿಲ, ಮಿಕ್ಕ ಕಡೆ ಬಿಗಿ. ಫ್ರೇಮನ್ನು ಅದು ಓರೆಯಾಗಿ ಎಳೆಯುತ್ತಲೇ ಇರುತ್ತದೆ. ತಲೆ ಸೊಟ್ಟ ಆಗಬಹುದು, ಬಿರುಕು ಬಿಡಬಹುದು. ಆಟ ನಿಲ್ಲಿಸಿ ಎಲ್ಲ ಎಳೆ ಕತ್ತರಿಸಿಬಿಡಿ. ಕತ್ತರಿಸುವಾಗ ಒಂದು ಅಂಚಿನಿಂದ ಶುರು ಮಾಡಬೇಡಿ. ನಡುವಿನಿಂದ ಶುರು ಮಾಡಿ, ಒಂದು ಉದ್ದದ್ದು, ಒಂದು ಅಡ್ಡದ್ದು ಅಂತ ಹೊರಗೆ ಬನ್ನಿ. ಫ್ರೇಮ್ ಬಿರುಕು ಬಿಟ್ಟಿದ್ದು ಕಂಡರೂ ಅಷ್ಟೇ, ಮೊದಲು ಗಟ್ ಕತ್ತರಿಸಿ. ಚೀಲದಲ್ಲಿ ಸಣ್ಣ ಕತ್ತರಿ ಇರಲಿ.

ಸ್ಮ್ಯಾಶ್_ರಾಜ

ಮೇಷ್ಟ್ರೇ, ಇದೇ ಹೊತ್ತಿಗೆ ನಂದೂ ಒಂದು ಕೇಳಿಬಿಡುತ್ತೇನೆ. ನಿನ್ನೆ ಗಟ್ ಹೋಯಿತು. ಮೇಲೆ, ಫ್ರೇಮಿನ ಹತ್ತಿರ. ಹಾಕಿಸಿ ವಾರ ಆಗಿರಲಿಲ್ಲ.

ಗಟ್ಟಿಂಗ್_ಮೇಷ್ಟ್ರು

ಅಂಚಿನಲ್ಲಿ ಕಡಿದಿದೆ. 28 ಇತ್ತು, ಅಲ್ವಾ?

ಸ್ಮ್ಯಾಶ್_ರಾಜ

ಹ್ಞೂಂ. ಮತ್ತೆ ಅಷ್ಟೇ ಹಾಕಿಸಲಾ?

ಗಟ್ಟಿಂಗ್_ಮೇಷ್ಟ್ರು

ರಾಕೆಟ್ ಮೇಲೆ ಎಷ್ಟರವರೆಗೆ ಅಂತ ಬರೆದಿದೆ, ಓದಿ ಹೇಳಿ.

ಸ್ಮ್ಯಾಶ್_ರಾಜ

ಅಕ್ಷರ ಅಳಿಸಿಹೋಗಿದೆ ಮೇಷ್ಟ್ರೇ.

ಗಟ್ಟಿಂಗ್_ಮೇಷ್ಟ್ರು

ಹಾಗಾದರೆ ನನ್ನ ಹತ್ತಿರ ತಂದರೆ 24ರ ಮೇಲೆ ಹಾಕುವುದಿಲ್ಲ. ಮೊದಲು ಗ್ರಾಮೆಟ್ ಎಲ್ಲ ಒಮ್ಮೆ ನೋಡಬೇಕು, ಒಡೆದಿರುವುದು ಬದಲಿಸದೆ ಗಟ್ ಹಾಕಿದರೆ ಅದೇ ಜಾಗದಲ್ಲಿ ಮತ್ತೆ ಕಡಿಯುತ್ತದೆ.